ಉತ್ತರ ಬಾರದ ಕಾಗದ, ಎರಡನೇ ಸಲ ತಟ್ಟಿದ ಬಾಗಿಲು

ಪ್ರೊಫೆಸರಿಗೊಂದು ಮೇಲ್ ಹಾಕಿ ಕಾಯೋದಿದೆಯಲ್ಲ, ಅದರ ಸಂಕಟವನ್ನ ಕಾಲೇಜು ಹುಡುಗ ಹುಡುಗೀರನ್ನೇ ಕೇಳಬೇಕು. "ಸಾರ್, ಬೇಸಿಗೆ ರಜೆಯಲ್ಲಿ ನಿಮ್ಮ ಲ್ಯಾಬಿನಲ್ಲಿ ಕೆಲಸ ಕಲೀಬಹುದಾ?" ಅಂತ ಬರೆದು ಒಂದು ವಾರ ಆಯ್ತು, ಎರಡು ವಾರ ಆಯ್ತು. ಆ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ಇನ್ನೊಂದು ಸಲ ಬರೆದರೆ ಪೀಡೆ ಅಂದುಕೊಂಡಾರು, ಸುಮ್ಮನಿದ್ದರೆ ಮರೆತೇಬಿಟ್ಟಾರು!

ಈ ಇಕ್ಕಟ್ಟು ಇಂಟರ್ನೆಟ್ಟಿನ ಜೊತೆ ಹುಟ್ಟಿದ್ದೇನಲ್ಲ. ಇನ್ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಬುಕ್ ಬೈಂಡಿಂಗ್ ಮಾಡುತ್ತಿದ್ದ ಹುಡುಗನೊಬ್ಬ ಇದನ್ನೇ ಅನುಭವಿಸಿದ್ದ. ಹೆಸರು ಮೈಕೆಲ್ ಫ್ಯಾರಡೆ. ಹೌದು, ನಮ್ಮ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಸುರುಳಿ ಮತ್ತು ಅಯಸ್ಕಾಂತದ ಚಿತ್ರದ ಪಕ್ಕ ಬರುತ್ತಿದ್ದ ಅದೇ ಫ್ಯಾರಡೆ.

ಕಮ್ಮಾರನ ಮಗ. ಕಾಲೇಜು ಹಾಗಿರಲಿ, ಸರಿಯಾಗಿ ಶಾಲೆಗೂ ಹೋದವನಲ್ಲ. 1805ರಿಂದ ಏಳು ವರ್ಷ ರೀಬೋ ಎಂಬ ಪುಸ್ತಕದಂಗಡಿಯವನ ಹತ್ತಿರ ಬೈಂಡಿಂಗ್ ಕಲಿಯುತ್ತಿದ್ದ, ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದುತ್ತಿದ್ದ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ನಾಲ್ಕು ಉಪನ್ಯಾಸ. ಹುಡುಗ ಗ್ಯಾಲರಿಯಲ್ಲಿ ಕೂತು ನೋಟ್ಸ್ ಮಾಡಿಕೊಂಡ. ವಿಜ್ಞಾನದ ಹುಚ್ಚು ಹತ್ತಿಬಿಟ್ಟಿತು.

ಮೊದಲು ಅವನು ಕಾಗದ ಬರೆದಿದ್ದು ಡೇವಿಗಲ್ಲ, ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್‌ಗೆ. ಉತ್ತರ ಬರಲಿಲ್ಲ. ಉತ್ತರ ಕೇಳಿಕೊಂಡು ತಾನೇ ಹೋದ. ಆ ಕಾಗದಕ್ಕೆ ಉತ್ತರ ಬೇಕಿಲ್ಲ ಅಂತ ಬಾಗಿಲಲ್ಲೇ ಹೇಳಿ ಕಳಿಸಿದರು. ಇಲ್ಲ ಅಂದಿದ್ದರೂ ಚೆನ್ನಾಗಿತ್ತೇನೋ, ಉತ್ತರಕ್ಕೂ ಯೋಗ್ಯವಲ್ಲ ಅಂದರೆ ಏನು ಮಾಡೋದು ಹೇಳಿ.

ಅದೇ ವರ್ಷದ ಡಿಸೆಂಬರಿನಲ್ಲಿ ಡೇವಿಗೆ ಬರೆದ. ಈ ಸಲ ಬರೀ ಕಾಗದ ಕಳಿಸಲಿಲ್ಲ. ಉಪನ್ಯಾಸದ ನೋಟ್ಸನ್ನೆಲ್ಲ ನೀಟಾಗಿ ಮತ್ತೆ ಬರೆದು, ಚಿತ್ರ ಹಾಕಿ, ತನಗೆ ಗೊತ್ತಿದ್ದ ಕಸುಬಿನಿಂದ ತಾನೇ ಬೈಂಡ್ ಮಾಡಿದ್ದ. ಆ ಪುಸ್ತಕವನ್ನೇ ಜೊತೆಗೆ ಕಳಿಸಿದ. ಡಿಸೆಂಬರ್ 24ರಂದು ಡೇವಿ ಉತ್ತರ ಬರೆದ. ಸದ್ಯ ಊರಲ್ಲಿರುವುದಿಲ್ಲ, ಜನವರಿ ಕೊನೆಗೆ ಬಂದು ನೋಡು ಅಂತ ಅದರ ಸಾರಾಂಶ.

ಭೇಟಿಯಾದಾಗಲೂ ಕೆಲಸ ಸಿಗಲಿಲ್ಲ. ವಿಜ್ಞಾನದಲ್ಲಿ ದುಡಿತ ಜಾಸ್ತಿ ದುಡ್ಡು ಕಮ್ಮಿ, ಕೈಯಲ್ಲಿರೋ ಕಸುಬು ಬಿಡಬೇಡ ಅಂತ ಡೇವಿ ಬುದ್ಧಿ ಹೇಳಿದ. ಕೆಲವೇ ದಿನಗಳಲ್ಲಿ ಡೇವಿಯ ಲ್ಯಾಬಿನ ಸಹಾಯಕ ಜಗಳ ಮಾಡಿಕೊಂಡು ಕೆಲಸ ಕಳೆದುಕೊಂಡ. ಆಗ ಡೇವಿಗೆ ನೆನಪಾಗಿದ್ದು ಆ ಬೈಂಡಿಂಗ್ ಹುಡುಗ. 1813ರ ಮಾರ್ಚ್ 1ರಂದು ಫ್ಯಾರಡೆ ನೇಮಕವಾದ. ವಾರಕ್ಕೆ 25 ಷಿಲಿಂಗ್, ಮೇಲ್ಮಹಡಿಯಲ್ಲಿ ಎರಡು ಕೋಣೆ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದದ್ದು ಇದೇ ಸಂಸ್ಥೆಯಲ್ಲಿ.

ಇನ್ನು ನಮ್ಮ ಕಡೆಗೆ ಬರೋಣ. 1928ರ ಮದರಾಸು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇನ್ನೂ ಡಿಗ್ರಿ ಓದುತ್ತಿದ್ದ ಎಸ್. ಚಂದ್ರಶೇಖರ್, ಊರಿಗೆ ಬಂದಿದ್ದ ಜರ್ಮನಿಯ ಸೋಮರ್‌ಫೆಲ್ಡ್ ಅವರ ಉಪನ್ಯಾಸ ಕೇಳಿ, ಮಾರನೇ ದಿನ ಅವರಿದ್ದ ಹೋಟೆಲಿಗೇ ಹೋದ. ನಿಮ್ಮ ಪುಸ್ತಕ ಓದಿದ್ದೇನೆ ಸಾರ್ ಅಂದ. ಆ ಪುಸ್ತಕ ಬಂದಮೇಲೆ ಭೌತವಿಜ್ಞಾನವೇ ಬದಲಾಗಿಹೋಗಿದೆ ಅಂತ ಅವರು ಹೇಳಿದಾಗ ಹುಡುಗನಿಗೆ ಹೇಗಾಗಿರಬೇಡ! ಆದರೆ ಅವರು ಅಷ್ಟಕ್ಕೇ ಬಿಡದೆ, ಇನ್ನೂ ಅಚ್ಚಾಗದ ತಮ್ಮ ಲೇಖನದ ಪ್ರೂಫನ್ನೇ ಕೊಟ್ಟು ಕಳಿಸಿದರು.

ಕೆಲವೇ ತಿಂಗಳಲ್ಲಿ ಹುಡುಗ ಹೊಸ ಕ್ವಾಂಟಂ ಸಂಖ್ಯಾಶಾಸ್ತ್ರ ಕಲಿತು ಒಂದು ಸಂಶೋಧನಾ ಲೇಖನ ಬರೆದ. 1929ರ ಶುರುವಿನಲ್ಲಿ ಅದನ್ನು ಕೇಂಬ್ರಿಜ್‌ನ ರಾಲ್ಫ್ ಫೌಲರ್‌ಗೆ ಕಳಿಸಿದ. ಮುಖ ಪರಿಚಯವಿಲ್ಲ, ಅವರ ಬರಹ ಓದಿದ್ದ ಅಷ್ಟೇ. ಫೌಲರ್ ಓದಿದರು, ತಿದ್ದುಪಡಿ ಸೂಚಿಸಿದರು, ಅದೇ ವರ್ಷ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬಂತು. 1930ರಲ್ಲಿ ಚಂದ್ರಶೇಖರ್ ಅದೇ ಫೌಲರ್ ಹತ್ತಿರ ಸಂಶೋಧನೆಗೆ ಹಡಗು ಹತ್ತಿದರು. 1983ರಲ್ಲಿ ನೊಬೆಲ್ ಬಂತು.

ಎರಡೂ ಕಥೆಯಲ್ಲಿ ಒಂದು ಸಾಮ್ಯ ಇದೆ ನೋಡಿ. ಕೈಯಲ್ಲಿ ಬರೀ "ಅವಕಾಶ ಕೊಡಿ" ಅನ್ನೋ ಕೋರಿಕೆ ಇರಲಿಲ್ಲ, ಮಾಡಿದ ಕೆಲಸ ಇತ್ತು. ಹಾಗಾದ್ರೆ ಕೆಲಸ ಚೆನ್ನಾಗಿದ್ದು, ಬಿಡದೆ ಬಾಗಿಲು ತಟ್ಟಿದರೆ ಸಾಕಾ? ಕಥೆ ಇಲ್ಲಿಗೇ ಮುಗಿದಿದ್ದರೆ ಹಾಗೇ ಅನ್ನಬಹುದಿತ್ತು. ಆದರೆ ಚಂದ್ರಶೇಖರ್ ಅವರ ಚಿಕ್ಕಪ್ಪ ಸರ್ ಸಿ. ವಿ. ರಾಮನ್. ದೊಡ್ಡ ವಿಜ್ಞಾನಿಯೂ ನಮ್ಮ ನಿಮ್ಮ ಹಾಗೆ ಮನುಷ್ಯನೇ ಅನ್ನೋದು ಮನೆಯಲ್ಲೇ ಗೊತ್ತಿದ್ದವನಿಗೆ ಹೋಟೆಲಿನ ಬಾಗಿಲು ತಟ್ಟೋ ಧೈರ್ಯ ಸ್ವಲ್ಪ ಬೇಗ ಬರುತ್ತೆ. ಇದು ಅವರ ಪ್ರತಿಭೆಗೆ ಕುಂದಲ್ಲ, ಲೆಕ್ಕಕ್ಕೆ ಹಿಡಿಯಬೇಕಾದ ಸಂಗತಿ ಅಷ್ಟೇ.

ಯಾಕಂದ್ರೆ ಮುಂದಿನ ಬಾಗಿಲಲ್ಲಿ ನಿಂತಿದ್ದು ಅದೇ ರಾಮನ್. ಸ್ಥಳ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಇಸವಿ 1933. ಅದೇ ವರ್ಷ ರಾಮನ್ ಅಲ್ಲಿಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದರು. ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ.ಗೆ ಮೊದಲ ಸ್ಥಾನ ಪಡೆದಿದ್ದ ಕಮಲಾ ಭಾಗವತ್ ಸಂಶೋಧನೆಗೆ ಅರ್ಜಿ ಹಾಕಿದಳು. ಅಪ್ಪ, ಚಿಕ್ಕಪ್ಪ ಇಬ್ಬರೂ ಇದೇ ಸಂಸ್ಥೆಯಲ್ಲಿ ಓದಿದವರು. ಆದರೂ ಅರ್ಜಿ ತಿರಸ್ಕಾರವಾಯಿತು. ಕಾರಣ ಒಂದೇ, ಹೆಣ್ಣು!

ಕಮಲಾ ಎರಡನೇ ಅರ್ಜಿ ಹಾಕುತ್ತಾ ಕೂರಲಿಲ್ಲ. ಬೆಂಗಳೂರಿಗೇ ಬಂದು ರಾಮನ್ ಎದುರು ನಿಂತು ಯಾಕೆ ಬೇಡ ಅಂತ ಕೇಳಿದಳು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ, ಗೈಡ್ ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಅವಳಿಂದ ಲ್ಯಾಬಿನ ವಾತಾವರಣ ಕೆಡಬಾರದು. ಕಡೆಯ ಷರತ್ತು ಯಾವ ಗಂಡು ಹುಡುಗನಿಗೂ ಹಾಕಿದ್ದಲ್ಲ ಅಂತ ಬೇರೆ ಹೇಳಬೇಕಿಲ್ಲ.

ಅವಮಾನ ನುಂಗಿ ಒಪ್ಪಿಕೊಂಡಳು. ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ. ವರ್ಷ ಕಳೆಯಿತು, ರಾಮನ್ ಮೆಚ್ಚಿದರು, ಆಮೇಲೆ ಬೇರೆ ಹುಡುಗಿಯರಿಗೂ ಅಲ್ಲಿ ಪ್ರವೇಶ ಸಿಕ್ಕಿತು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ನಾವು ಅವರನ್ನು ಓದುವುದು ಕಮಲಾ ಸೊಹೊನಿ ಎಂಬ ಹೆಸರಿನಲ್ಲಿ. ರಾಮನ್ ದೊಡ್ಡ ವಿಜ್ಞಾನಿ, ಆದರೆ ಆ ವಿಷಯದಲ್ಲಿ ಸಣ್ಣ ಮನಸ್ಸಿನವರಾಗಿದ್ದರು ಅನ್ನೋ ನೋವನ್ನು ಮುಪ್ಪಿನಲ್ಲೂ ಅವರು ಬಚ್ಚಿಡಲಿಲ್ಲ.

ಈ ಕಥೆಯನ್ನು "ಛಲ ಇದ್ದರೆ ಎಲ್ಲಾ ಸಾಧ್ಯ" ಅಂತ ಮುಗಿಸೋದು ಸುಲಭ. ನನಗೆ ಹಾಗನ್ನಿಸೋಲ್ಲ. ರೈಲು ಹತ್ತಿ ಬೆಂಗಳೂರಿಗೆ ಬರಲು ಆಗದವರು, ಜೊತೆಗೆ ನಿಲ್ಲುವ ಮನೆಯವರಿಲ್ಲದವರು, ಒಂದು ತಿರಸ್ಕಾರದ ಕಾಗದಕ್ಕೇ ಮದುವೆ ಮಾಡಿಕೊಂಡು ಹೋದವರು ಎಷ್ಟು ಜನವೋ. ಚರಿತ್ರೆಯಲ್ಲಿ ಅವರ ಹೆಸರಿಲ್ಲ. ಒಬ್ಬ ವ್ಯಕ್ತಿಯ ಮನಸ್ಸು ಕರಗಿದರೆ ಮಾತ್ರ ತೆರೆಯೋ ಬಾಗಿಲಾದರೆ, ಅದು ಬಾಗಿಲೇ ಅಲ್ಲ, ಲಾಟರಿ.

ಅದಕ್ಕೇ 1969ನೇ ಇಸವಿ ನನಗೆ ಮುಖ್ಯ. ಅಮೆರಿಕದ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕಾರ್ ಎಂಬಾಕೆ ಡಿಗ್ರಿ ವಿದ್ಯಾರ್ಥಿಗಳು ಪ್ರೊಫೆಸರುಗಳ ಜೊತೆ ಸಂಶೋಧನೆ ಮಾಡಲೆಂದೇ ಒಂದು ಯೋಜನೆ ಶುರು ಮಾಡಿದರು. ಪೋಲರಾಯ್ಡ್ ಕ್ಯಾಮೆರಾದ ಎಡ್ವಿನ್ ಲ್ಯಾಂಡ್ 1957ರಲ್ಲೇ ಅಲ್ಲಿ ಭಾಷಣ ಮಾಡಿ, ವಿದ್ಯಾರ್ಥಿಗಳಿಗೆ ಮೊದಲ ವರ್ಷದಿಂದಲೇ ನಿಜವಾದ ಸಂಶೋಧನೆಯ ರುಚಿ ತೋರಿಸಿ ಅಂದಿದ್ದರು. ಕೃಪೆಯ ಮೇಲೆ ನಡೆಯುತ್ತಿದ್ದದ್ದಕ್ಕೆ ಹೀಗೆ ಒಂದು ಪದ್ಧತಿ ಬಂತು.

ನಮ್ಮಲ್ಲೂ ಬಂತು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ಬೇಸಿಗೆ ಫೆಲೋಶಿಪ್ ಕೊಡುತ್ತಾ ಬಂದಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುತ್ತಾ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪೂ ಇದೆ. ಆ ಮೂರರಲ್ಲೊಂದು ಬೆಂಗಳೂರಿನ ಅಕಾಡೆಮಿ, 1934ರಲ್ಲಿ ಸ್ಥಾಪಿಸಿದವರು ಯಾರು ಗೊತ್ತಾ? ಅದೇ ರಾಮನ್! ಇವತ್ತು ಆ ಫೆಲೋಶಿಪ್ಪಿಗೆ ಅರ್ಜಿ ಹಾಕೋ ಹುಡುಗಿ ಯಾರೆದುರೂ ನಿಂತು ಯಾಕೆ ಬೇಡ ಅಂತ ಕೇಳಬೇಕಿಲ್ಲ.

ಆದರೆ ಎಲ್ಲ ಬಾಗಿಲಿಗೂ ಫಾರಂ ಇರಲ್ಲವಲ್ಲ. ಈಗಲೂ ಎಷ್ಟೋ ಹುಡುಗರು ಕಾಗದ ಹಾಕಿ ಕಾಯುತ್ತಲೇ ಇದ್ದಾರೆ. ಅವರಿಗೆ ಹೇಳೋದಿಷ್ಟೇ, ಎರಡನೇ ಸಲ ಬರೆಯೋದು ತಪ್ಪಲ್ಲ. "ನನ್ನ ಮೇಲ್ ನೋಡಿದಿರಾ" ಅನ್ನೋದರ ಜೊತೆ ಈ ನಡುವೆ ಓದಿದ್ದು, ಮಾಡಿದ್ದು ಒಂದಿಷ್ಟು ಇರಲಿ. ಮೇಷ್ಟ್ರುಗಳಲ್ಲಿ ಒಂದು ಅರಿಕೆ: ಇಲ್ಲ ಅನ್ನೋದಾದರೂ ಎರಡು ಸಾಲು ಬರೀರಿ. 1829ರಲ್ಲಿ, ಡೇವಿ ತೀರಿಕೊಂಡ ಮೇಲೆ, ಅವನ ಚರಿತ್ರೆ ಬರೆಯುತ್ತಿದ್ದವರಿಗೆ ಫ್ಯಾರಡೆ ಆ 1812ರ ಕಾಗದವನ್ನು ಕಳಿಸಿದ. ಓದಿ ಜೋಪಾನವಾಗಿ ವಾಪಸು ಕಳಿಸಿ ಅಂತ ಕೇಳಿಕೊಂಡ. ಆ ಕಾಗದದಲ್ಲಿ ಕೆಲಸ ಕೊಡ್ತೀನಿ ಅಂತ ಇರಲಿಲ್ಲ. ಬಂದು ನೋಡು ಅಂತ ಇತ್ತು, ಅಷ್ಟೇ.