ನಿಧಾನವಾಗಿ ಕರಗುವ ಸಾರಜನಕ: ಮಣ್ಣಿನ ಆರೋಗ್ಯಕ್ಕೆ ಎಷ್ಟು ಆಸರೆ?

ಹೊಸಪೇಟೆ: ಬೆಳೆಯ ಹಸಿರಿಗೂ ಬೆಳವಣಿಗೆಗೂ ಸಾರಜನಕವೇ ಮೂಲ. ಕಂಪ್ಲಿಯ ಭತ್ತದ ಗದ್ದೆ, ಹೊಸಪೇಟೆಯ ಕಬ್ಬು ಮತ್ತು ಬಾಳೆಯ ತೋಟ, ಪಾಪಿನಾಯಕನಹಳ್ಳಿ ಹಾಗೂ ಸಂಡೂರು ಭಾಗದ ಮಳೆಯಾಶ್ರಿತ ಹೊಲ, ಎಲ್ಲೆಡೆಯೂ ಅದನ್ನು ಒದಗಿಸುವ ಮುಖ್ಯ ಗೊಬ್ಬರ ಯೂರಿಯಾ. 2025ರ ಮುಂಗಾರಿನಲ್ಲಿ ರಾಜ್ಯದಲ್ಲಿ ಯೂರಿಯಾ ಕೊರತೆ ತಲೆದೋರಿದಾಗ, ಕೈಗೆ ಸಿಕ್ಕ ಚೀಲವನ್ನು ವ್ಯರ್ಥ ಮಾಡದೆ ಬಳಸುವ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿತು.

ನಷ್ಟ ಹೇಗೆ?

ಮಣ್ಣಿಗೆ ಬಿದ್ದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ರೂಪ ತಾಳುತ್ತದೆ. ಬಳಿಕ ನೈಟ್ರೊಸೊಮೊನಾಸ್ ಮುಂತಾದ ಸೂಕ್ಷ್ಮಾಣುಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮಣ್ಣಿನ ಕಣಗಳು ನೈಟ್ರೇಟನ್ನು ಹಿಡಿದಿಡಲಾರವು. ಅದು ನೀರಿನೊಡನೆ ಆಳಕ್ಕೆ ಇಳಿಯುತ್ತದೆ, ನೀರು ನಿಂತಲ್ಲಿ ಅನಿಲವಾಗಿ ಹಾರಿಹೋಗುತ್ತದೆ. ಭತ್ತದಲ್ಲಿ ಹಾಕಿದ ಸಾರಜನಕದ ಶೇ. 30ರಿಂದ 40ರಷ್ಟು ಮಾತ್ರ ಸಾಮಾನ್ಯವಾಗಿ ಬೆಳೆಗೆ ದಕ್ಕುತ್ತದೆ.

ಬೇವಿನ ಲೇಪನ

ಬೇವಿನ ಎಣ್ಣೆಯ ಅಂಶಗಳು ಈ ಸೂಕ್ಷ್ಮಾಣುಗಳ ಕಾರ್ಯವನ್ನು ಕುಂಠಿತಗೊಳಿಸಿ, ಸಾರಜನಕವನ್ನು ಅಮೋನಿಯಂ ರೂಪದಲ್ಲೇ ಹೆಚ್ಚು ದಿನ ಉಳಿಸುತ್ತವೆ. ದೇಶದಲ್ಲಿ ತಯಾರಾಗುವ ಕೃಷಿ ಬಳಕೆಯ ಯೂರಿಯಾಕ್ಕೆ 2015ರಲ್ಲಿ ಬೇವಿನ ಲೇಪನವನ್ನು ಪೂರ್ಣ ಕಡ್ಡಾಯಗೊಳಿಸಲಾಯಿತು. 2018ರಲ್ಲಿ ಚೀಲದ ತೂಕವನ್ನು 50ರಿಂದ 45 ಕೆ.ಜಿ.ಗೆ ಇಳಿಸಲಾಯಿತು. ಶೇ. 46ರ ಲೆಕ್ಕದಲ್ಲಿ ಇಂತಹ ಚೀಲದಲ್ಲಿ 20.7 ಕೆ.ಜಿ. ಸಾರಜನಕವಿರುತ್ತದೆ.

2023ರಲ್ಲಿ ಬಿಡುಗಡೆಯಾದ ಗಂಧಕ ಲೇಪಿತ 'ಯೂರಿಯಾ ಗೋಲ್ಡ್' ಶೇ. 37 ಸಾರಜನಕ, ಶೇ. 17 ಗಂಧಕ ಹೊಂದಿದೆ. ಇದರ 40 ಕೆ.ಜಿ. ಚೀಲದಲ್ಲಿ 14.8 ಕೆ.ಜಿ. ಸಾರಜನಕ ಮಾತ್ರ ಇರುವುದರಿಂದ ಚೀಲಕ್ಕೆ ಚೀಲ ಸಮವೆಂದು ಭಾವಿಸಬಾರದು. ಗಂಧಕದ ಕೊರತೆಯಿರುವ ಭೂಮಿಗೂ ಎಣ್ಣೆಕಾಳು ಬೆಳೆಗಳಿಗೂ ಇದು ಹೆಚ್ಚು ಉಪಯುಕ್ತ.

ಬಳಸುವ ಕ್ರಮ

* ಬೇವಿನ ಲೇಪನವು ಅಮೋನಿಯಾ ಹಾರಿಹೋಗುವುದನ್ನು ತಡೆಯುವುದಿಲ್ಲ. ಕ್ಷಾರ ಗುಣದ ಕಪ್ಪು ಮಣ್ಣಿನ ಮೇಲೆ ಗೊಬ್ಬರ ಎರಚಿ ಬಿಟ್ಟರೆ ನಷ್ಟ ತಪ್ಪದು. ಆದ್ದರಿಂದ ಅದನ್ನು ಮಣ್ಣಿನಲ್ಲಿ ಬೆರೆಸಬೇಕು.
* ಗದ್ದೆಯಲ್ಲಿ ನಿಂತ ನೀರನ್ನು ಬಸಿದು, ಮೇಲುಗೊಬ್ಬರ ಕೊಟ್ಟು, ಒಂದು ದಿನದ ನಂತರ ನೀರು ಕಟ್ಟಬೇಕು.
* ಪೂರ್ಣ ಪ್ರಮಾಣವನ್ನು ಒಮ್ಮೆಲೇ ಹಾಕದೆ, ಎರಡು ಮೂರು ಕಂತುಗಳಲ್ಲಿ ಕೊಡುವುದು ಲೇಸು.
* ಮಳೆಯಾಶ್ರಿತ ಹೊಲದಲ್ಲಿ ತೇವವಿದ್ದಾಗ ಮಾತ್ರ ಸಾಲಿನ ಪಕ್ಕದಲ್ಲಿ ಹಾಕಿ ಮುಚ್ಚಬೇಕು.
* ಯೂರಿಯಾದ ಐದನೇ ಒಂದು ಭಾಗದಷ್ಟು ಬೇವಿನ ಹಿಂಡಿಯನ್ನು ಪುಡಿ ಮಾಡಿ ಬೆರೆಸುವ ಹಳೆಯ ಪದ್ಧತಿ ಈಗಲೂ ಪ್ರಯೋಜನಕಾರಿ.

ಮಿತಿಯ ಅರಿವು

ಲೇಪಿತ ಗೊಬ್ಬರ ನಷ್ಟವನ್ನು ತಗ್ಗಿಸುತ್ತದೆಯೇ ಹೊರತು ಮಣ್ಣಿಗೆ ಸಾವಯವ ಇಂಗಾಲವನ್ನು ತುಂಬುವುದಿಲ್ಲ. ಅದಕ್ಕೆ ಕೊಟ್ಟಿಗೆ ಗೊಬ್ಬರ, ಸೆಣಬು ಅಥವಾ ಡಯಂಚದಂತಹ ಹಸಿರೆಲೆ ಗೊಬ್ಬರ, ದ್ವಿದಳ ಧಾನ್ಯಗಳ ಬೆಳೆ ಪರಿವರ್ತನೆ ಅಗತ್ಯ. ಸಾರಜನಕ ಅತಿಯಾದರೆ ಪೈರು ನೆಲಕ್ಕೊರಗುತ್ತದೆ, ಕೀಟ ಹಾಗೂ ರೋಗಗಳ ಬಾಧೆ ಹೆಚ್ಚುತ್ತದೆ, ಕೊಳವೆಬಾವಿಯ ನೀರಿಗೂ ನೈಟ್ರೇಟ್ ಸೇರಬಹುದು. ರೈತರು ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ, ಮಣ್ಣು ಆರೋಗ್ಯ ಚೀಟಿಯ ಶಿಫಾರಸಿನಂತೆ ಪ್ರಮಾಣ ನಿರ್ಧರಿಸಿಕೊಂಡರೆ ಖರ್ಚು ಉಳಿಯುತ್ತದೆ, ಭೂಮಿಯೂ ಉಳಿಯುತ್ತದೆ. ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.