ಊರು ಬಿಟ್ಟ ಉಕ್ಕು

ಪಾತ್ರೆ ಅಂಗಡಿಯಲ್ಲಿ ‘ಒಂದು ಉಕ್ಕಿನ ಲೋಟ ಕೊಡಿ’ ಎಂದು ಕೇಳಿ ನೋಡಿ. ಅಂಗಡಿಯವರು ನಿಮ್ಮನ್ನು ಕನ್ನಡ ಮೇಷ್ಟ್ರೆಂದೇ ತಿಳಿದಾರು. ಲೋಟ, ಡಬ್ಬ, ಬೀರು ಎಲ್ಲಕ್ಕೂ ನಮಗೆ ಸ್ಟೀಲೇ ಬೇಕು. ಉಕ್ಕಿಗೆ ಈಗ ಪತ್ರಿಕೆಯ ತಲೆಬರಹದಲ್ಲೋ ಸರ್ದಾರ್ ಪಟೇಲರ ಬಿರುದಿನಲ್ಲೋ ಜಾಗ. ಅಡುಗೆಮನೆಯಲ್ಲಿ ಹಾಲು ಮಾತ್ರ ಉಕ್ಕುತ್ತದೆ.

ನಾವು ಬಳಸದೆ ಬಿಟ್ಟದ್ದನ್ನು ಇಂಗ್ಲಿಷು ಸೊಟ್ಟ ಮಾಡಿ ಉಳಿಸಿಕೊಂಡಿದೆ. ಮುಂಬಯಿಯಿಂದ ಲಂಡನ್ನಿಗೆ ಹೋದ ಉಕ್ಕಿನ ಗಟ್ಟಿಗಳ ಬಗ್ಗೆ ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಅದರಲ್ಲಿ ಆ ಉಕ್ಕಿನ ಹೆಸರು ‘ವೂಟ್ಸ್’. ಕನ್ನಡ, ತೆಲುಗಿನ ಉಕ್ಕೇ ಹಾಗಾಯಿತೆಂದು ಬಹುಪಾಲು ವಿದ್ವಾಂಸರ ಮತ. ಕೊನೆಯ ‘ಟ್ಸ್’ ಬರೆಯುವವರ ಕೈತಪ್ಪಿರಬಹುದು. ಮೊದಲ ‘ವ’ಕಾರ ಮಾತ್ರ ನಮ್ಮದೇ: ಊಟವನ್ನು ವೂಟ ಎನ್ನುವ ಬಾಯಿ ಉಕ್ಕನ್ನು ವುಕ್ಕು ಎನ್ನದೆ ಇದ್ದೀತೇ?

ದಮಾಸ್ಕಸ್ ಖಡ್ಗವೆಂದು ಹೆಸರಾದ, ಮೈಮೇಲೆ ನೀರಿನ ಅಲೆಯಂಥ ಗೆರೆಗಳಿದ್ದ ಕತ್ತಿಗಳಿಗೆ ದಕ್ಷಿಣ ಭಾರತದ ಈ ಗಟ್ಟಿಗಳೂ ಹೋಗುತ್ತಿದ್ದವು. ಕೀರ್ತಿಯೆಲ್ಲ ಆ ಊರಿಗೆ! ಗಟ್ಟಿ ತಯಾರಾಗುತ್ತಿದ್ದ ಬಗೆಯನ್ನು ಪ್ರವಾಸಿ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆಯಲ್ಲಿ ಕಂಡು ಬರೆದಿಟ್ಟ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿಯ ಕಡ್ಡಿ, ಎರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಬೆಂಕಿಗಿಟ್ಟು ತಿದಿ ಒತ್ತುವುದು. ಸೊಪ್ಪು ಮಂತ್ರಕ್ಕಲ್ಲ, ಕಬ್ಬಿಣಕ್ಕೆ ಇಂಗಾಲ ಊಡುವುದಕ್ಕೆ. ಚನ್ನಪಟ್ಟಣದಲ್ಲಿ ಇದೇ ಉಕ್ಕನ್ನು ವಾದ್ಯದ ತಂತಿಯಾಗಿ ಎಳೆಯುತ್ತಿದ್ದರು, ಅದು ದೂರದೂರಿಗೂ ಹೋಗುತ್ತಿತ್ತು. ಖಡ್ಗದ ಕಥೆಗಿಂತ ನನಗೆ ಇದೇ ಹೆಚ್ಚು ಇಷ್ಟ.

ಫ್ಯಾರಡೆಯಂಥವನೂ 1819ರ ಸುಮಾರಿಗೆ ಈ ಉಕ್ಕಿನ ಗುಟ್ಟಿನ ಬೆನ್ನು ಹತ್ತಿದ್ದ. ಅದಿರಿನಲ್ಲಿದ್ದ ಚೂರು ವನೇಡಿಯಮ್‌ನಂಥ ಧಾತುವೇ ಆ ಗೆರೆಗಳಿಗೆ ಕಾರಣ, ಅಂಥ ಅದಿರು ಸಿಗದಾದಾಗ ವಿದ್ಯೆಯೂ ಕೈಬಿಟ್ಟಿತು ಎಂದು 1998ರಲ್ಲಿ ವೆರ್‌ಹೋವನ್ ಮತ್ತು ಸಂಗಡಿಗರು ವಾದಿಸಿದರು. ಇರಬಹುದು. ಆದರೆ ಇಂಗ್ಲೆಂಡಿನ ಅಗ್ಗದ ಉಕ್ಕು ಬಂದಿಳಿದ ಮೇಲೆ ಒಳ್ಳೆಯ ಅದಿರಿದ್ದರೂ ತಿದಿ ಒತ್ತುವವನಿಗೆ ಕೂಲಿ ಗಿಟ್ಟುತ್ತಿತ್ತೇ?

ಉಕ್ಕೆಂಬ ಪದವನ್ನು ಬೀದಿಗಿಳಿಸಿದ ಯಶಸ್ಸು ತೆಲುಗರದು. ವಿಶಾಖಪಟ್ಟಣಕ್ಕೆ ಉಕ್ಕಿನ ಕಾರ್ಖಾನೆ ಬೇಕೆಂಬ 1966ರ ಚಳವಳಿಯಲ್ಲಿ ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂದು ಕೂಗಿದರು. 2021ರಲ್ಲಿ ಆ ಕಾರ್ಖಾನೆಯ ಖಾಸಗೀಕರಣದ ಮಾತೆದ್ದಾಗ ಅದೇ ಕೂಗು ಮತ್ತೆ ಎದ್ದಿತು. ಉಕ್ಕು–ಹಕ್ಕು ಪ್ರಾಸ ನಮಗೂ ಸಲೀಸಾಗಿ ಕೂಡುತ್ತಿತ್ತು. ಆದರೆ ಭದ್ರಾವತಿಯ ಕಾರ್ಖಾನೆ ನಮ್ಮ ಬಾಯಲ್ಲಿ ವಿಐಎಸ್‌ಎಲ್. ಅದಕ್ಕೆ ಪ್ರಾಸ ಹೊಂದಿಸುವುದು ಯಾವ ಕವಿಗೂ ಕಷ್ಟ.