ಮರಾಠಿ ಬಲ್ಲ ನ್ಯಾಯಮೂರ್ತಿ: 1909ರ ಸಾವರ್ಕರ್ ಮೇಲ್ಮನವಿಯಲ್ಲಿ ಚಂದಾವರ್ಕರ್

ನಾರಾಯಣ ಗಣೇಶ ಚಂದಾವರ್ಕರ್ (1855–1923) ಅವರ ಜೀವನದ ಮುಖ್ಯ ಸಂಗತಿಗಳ ಬಗ್ಗೆ ವಿವಾದವಿಲ್ಲ. ಹುಟ್ಟಿದ್ದು ಹೊನ್ನಾವರದಲ್ಲಿ, ಓದಿದ್ದು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ. ‘ಇಂದುಪ್ರಕಾಶ’ದ ಇಂಗ್ಲಿಷ್ ಅಂಕಣಗಳನ್ನು ಸಂಪಾದಿಸಿದರು, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು, 1901ರಿಂದ 1913ರವರೆಗೆ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ಜಿಜ್ಞಾಸೆ ಏಳುವುದು 1909ರ ಒಂದು ತೀರ್ಪಿನ ಸುತ್ತ. ‘ಲಘು ಅಭಿನವ ಭಾರತ ಮಾಲೆ’ಯ ಮರಾಠಿ ಪದ್ಯಗಳಿಗಾಗಿ ಗಣೇಶ ದಾಮೋದರ ಸಾವರ್ಕರ್ (ಬಾಬಾರಾವ್) ಅವರಿಗೆ ನಾಶಿಕದಲ್ಲಿ ವಿಧಿಸಿದ್ದ ಆಜೀವ ಕರಿನೀರಿನ ಶಿಕ್ಷೆಯನ್ನು ಚಂದಾವರ್ಕರ್ ಮತ್ತು ಹೀಟನ್ ಅವರ ಪೀಠ ಎತ್ತಿಹಿಡಿಯಿತು. ಕಾಂಗ್ರೆಸ್ಸಿನ ಮಾಜಿ ಅಧ್ಯಕ್ಷರು ಪೀಠವೇರಿದೊಡನೆ ಸರ್ಕಾರದ ಪಕ್ಷ ಸೇರಿದರು ಎಂಬ ಮಾತಿಗೆ ಇದೇ ಆಧಾರ.

ಈ ಓದನ್ನು ನಾನು ಒಪ್ಪಲಾರೆ. ತೀರ್ಪಿನ ಕೆಲವು ಸಾಲುಗಳು ಪ್ರಸಿದ್ಧವಾದದ್ದು 1918ರ ರೌಲತ್ ಸಮಿತಿಯ ವರದಿ ಅವನ್ನು ಎತ್ತಿಕೊಂಡಿದ್ದರಿಂದ. ದೇವರುಗಳ ಹೆಸರೂ ಶಿವಾಜಿಯ ಹೆಸರೂ ಇಲ್ಲಿ ಬರೀ ನೆಪ, ಪರಕೀಯ ಸರ್ಕಾರದ ಮೇಲೆ ಕತ್ತಿ ಎತ್ತಿರೆಂಬುದೇ ಪದ್ಯಗಳ ತಿರುಳು ಎಂಬುದು ಆ ಸಾಲುಗಳ ಸಾರ. ಉದ್ಧೃತ ಭಾಗವನ್ನಷ್ಟೇ ಓದಿದವರಿಗೆ ಅದು ಸರ್ಕಾರಿ ವಕೀಲರ ದನಿಯಂತೆ ಕೇಳುವುದು ಸಹಜ. ಆದರೆ ಪೀಠದ ಮುಂದಿದ್ದ ಪ್ರಶ್ನೆ ಬೇರೆ. ಜನರ ಭಾವನೆಯನ್ನು ಕೆರಳಿಸುವುದು ರಾಜದ್ರೋಹವಾದೀತು, ಅಷ್ಟೆ. ಕೃತಿಗಿಳಿಯಿರೆಂದು ಸ್ಪಷ್ಟವಾಗಿ ಹುರಿದುಂಬಿಸಿದರೆ ಮಾತ್ರ ಅದು ದಂಡಸಂಹಿತೆಯ 121ನೆಯ ಕಲಮಿನಡಿ ಯುದ್ಧಕ್ಕೆ ಕುಮ್ಮಕ್ಕು. ಈ ಗೆರೆಯನ್ನು ಎಳೆದದ್ದೂ ಇದೇ ಪೀಠ. ಪದ್ಯಗಳು ಗೆರೆಯ ಯಾವ ಬದಿಗಿವೆ ಎಂದು ಹೇಳಬೇಕಾದರೆ ಅವುಗಳ ಧ್ವನಿ ತಿಳಿದಿರಬೇಕಿತ್ತು.

ಹಿಂದಿನ ವರ್ಷದ ಟಿಳಕ್ ವಿಚಾರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನ್ಯಾಯಮೂರ್ತಿ ದಾವರ್ ಅವರ ಮುಂದೆ, ಬಹುಪಾಲು ಯುರೋಪಿಯನ್ನರೇ ಇದ್ದ ಜ್ಯೂರಿಯ ಎದುರು, ಅನುವಾದ ತನ್ನ ಮರಾಠಿಯನ್ನು ಕೆಡಿಸಿದೆ ಎಂದು ಟಿಳಕರು ಪಟ್ಟುಹಿಡಿದು ವಾದಿಸಿದ್ದರು. 1909ರಲ್ಲಿ ಆ ವಾದದ ಕಸುವೇ ಉಡುಗಿತು. ಇವು ಬರೀ ಪುರಾಣದ ಹಾಡುಗಳೆಂದು ಮರಾಠಿ ಅರಿಯದ ನ್ಯಾಯಮೂರ್ತಿಯನ್ನು ಒಪ್ಪಿಸಲು ಸಾಧ್ಯವಿತ್ತೇನೋ. ದೈತ್ಯಸಂಹಾರದ ಕಥೆಯನ್ನು ಆ ಕಾಲದ ಕೇಳುಗ ಯಾರಿಗೆ ಅನ್ವಯಿಸಿಕೊಳ್ಳುತ್ತಾನೆಂದು ಚಂದಾವರ್ಕರರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆರೋಪಿಗೆ ಮುಳುವಾದದ್ದು, ನನ್ನ ಮಟ್ಟಿಗೆ, ನ್ಯಾಯಮೂರ್ತಿಯ ರಾಜನಿಷ್ಠೆಗಿಂತ ಹೆಚ್ಚಾಗಿ ಅವರ ಭಾಷಾಜ್ಞಾನ.

ಇದನ್ನು ಎಚ್ಚರದಿಂದಲೇ ಹೇಳುತ್ತಿದ್ದೇನೆ. ತಿರುಳನ್ನು ಸರಿಯಾಗಿ ಗುರುತಿಸಿದ ಮಾತ್ರಕ್ಕೆ ಶಿಕ್ಷೆ ನ್ಯಾಯವಾಗುವುದಿಲ್ಲ. ಪದ್ಯಗಳಿಗಾಗಿ ಮನುಷ್ಯನೊಬ್ಬನನ್ನು ಬದುಕಿಡೀ ಅಂಡಮಾನಿಗೆ ಅಟ್ಟಿದ್ದು ಕ್ರೂರವೇ. ಭಾಷೆ ಬಲ್ಲವರು ರಾಜನಿಷ್ಠರಾಗಿರಬಾರದೆಂದೂ ಇಲ್ಲ. ಆದರೂ ನಿವೃತ್ತಿಯ ನಂತರ, 1920ರಲ್ಲಿ, ಜಲಿಯನ್‌ವಾಲಾ ಬಾಗ್ ಕುರಿತ ಹಂಟರ್ ಸಮಿತಿಯ ವರದಿಯನ್ನು ಖಂಡಿಸಲು ಮುಂಬಯಿಯಲ್ಲಿ ಸೇರಿದ ಸಭೆಗೆ ಅವರೇ ಅಧ್ಯಕ್ಷರಾಗಿದ್ದರು. ಸರ್ಕಾರದ ಮನುಷ್ಯ ಎಂಬ ಹಣೆಪಟ್ಟಿಗೆ ಈ ಸಂಗತಿ ಒಗ್ಗುವುದಿಲ್ಲ.

1910ರ ನಾಶಿಕ ಒಳಸಂಚಿನ ಮೊಕದ್ದಮೆ ಈ ವಾದಕ್ಕೆ ಹೆಚ್ಚು ನೆರವಾಗದು. ಆ ವಿಶೇಷ ನ್ಯಾಯಮಂಡಳಿಯಲ್ಲಿ ಮುಖ್ಯ ನ್ಯಾಯಮೂರ್ತಿ ಬೆಸಿಲ್ ಸ್ಕಾಟ್ ಮತ್ತು ಹೀಟನ್ ಜೊತೆ ಚಂದಾವರ್ಕರರೂ ಇದ್ದರು. ಮೂವರ ತೀರ್ಮಾನದಿಂದ ಒಬ್ಬರ ಓದನ್ನು ಬಿಡಿಸಿ ತೆಗೆಯುವುದು ಕಷ್ಟ. ಪಠ್ಯದ ಅಕ್ಷರವನ್ನು ದಾಟಿ ತಾತ್ಪರ್ಯಕ್ಕೆ ಹೋಗುವ ಈ ಕ್ರಮ ಅವರ ಹಿಂದೂ ಕಾನೂನಿನ ತೀರ್ಪುಗಳಲ್ಲೂ ಇದೆಯೇ ಎಂಬುದನ್ನು ಮುಂದೆ ಪರೀಕ್ಷಿಸಬೇಕಿದೆ. ಹೆಂಗಸರ ಜೀವನಾಂಶಕ್ಕೆ ಸಂಬಂಧಿಸಿದ ‘ಪಾರಮಿ ವಿರುದ್ಧ ಮಹಾದೇವಿ’ ಪ್ರಕರಣದಿಂದ ಆ ಕೆಲಸ ಶುರುವಾಗಬಹುದು.